ನಡುವಯಸ್ಸಿನ ನಂತರವೂ ಬೆಳೆಯುವ ಮೌಲ್ಯಗಳು

ಶ್ರೀಮಠಕ್ಕೆ ಬರುವ ಹಿರಿಯರಲ್ಲಿ ಅನೇಕರು ಆಡುವ ಮಾತೊಂದಿದೆ: “ಇಷ್ಟು ವಯಸ್ಸಾದ ಮೇಲೆ ನಮ್ಮಿಂದ ಬದಲಾಗೂದು ಆಗೂದಿಲ್ರೀ.” ಮಕ್ಕಳ ಮದುವೆಯ ವಿಷಯ ಬಂದಾಗ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯೂ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಸಂಸ್ಕಾರವೆಲ್ಲ ಬಾಲ್ಯದಲ್ಲೇ ಆಗಿ ಮುಗಿಯುತ್ತದೆ, ಉಳಿದ ಆಯುಷ್ಯ ಅದರ ಮುಂದುವರಿಕೆ ಮಾತ್ರ ಎಂಬ ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲಿಗೆ ಮೌಲ್ಯ ಎಂಬ ಪದದ ಅರ್ಥ. ಮೌಲ್ಯವು ಅಭಿಪ್ರಾಯವಲ್ಲ. ಪ್ರಾಮಾಣಿಕತೆ ಬೇಕೇ, ಬಂಧುಪ್ರೀತಿ ಬೇಕೇ ಎಂದು ಕೇಳಿದರೆ ಎರಡೂ ಬೇಕು ಎನ್ನದವರು ಯಾರು? ಎರಡೂ ಒಟ್ಟಿಗೆ ಉಳಿಯದ ಸಂದರ್ಭ ಬಂದಾಗ ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ಮೌಲ್ಯ ಪ್ರಕಟವಾಗುತ್ತದೆ. ಆದುದರಿಂದ ಪ್ರೌಢ ವಯಸ್ಸಿನಲ್ಲಿ ಬದಲಾಗುವುದು ಬಹುಮಟ್ಟಿಗೆ ಮೌಲ್ಯಗಳ ಪಟ್ಟಿಯಲ್ಲ, ಅವುಗಳ ಮೇಲುಕೆಳಗಿನ ಕ್ರಮ. ಮನಶ್ಶಾಸ್ತ್ರಜ್ಞ ಶಲೋಮ್ ಶ್ವಾರ್ಟ್ಸ್ ಅವರು 1992ರಲ್ಲಿ ಹತ್ತು ಮೂಲಮೌಲ್ಯಗಳನ್ನು ಗುರುತಿಸಿ, ಅವುಗಳನ್ನು ಒಂದು ವೃತ್ತದ ಮೇಲೆ ಜೋಡಿಸಿ ತೋರಿಸಿದರು. ಅಕ್ಕಪಕ್ಕದವು ಒಂದಕ್ಕೊಂದು ಪೋಷಕ. ಎದುರುಬದುರಿನವು ಒಂದನ್ನೊಂದು ಹಿಂದೆ ತಳ್ಳುತ್ತವೆ. ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದಂತೆ, ವಯಸ್ಸು ಏರಿದಂತೆ ಸುಖ, ಸಾಹಸ, ವೈಯಕ್ತಿಕ ಸಾಧನೆಗಳ ಮಹತ್ವ ಸರಾಸರಿಯಾಗಿ ಇಳಿಯುತ್ತದೆ. ಸಂಪ್ರದಾಯ, ಭದ್ರತೆ, ಪರಹಿತಗಳ ಮಹತ್ವ ಏರುತ್ತದೆ. ಇದು ಸರಾಸರಿಯ ಮಾತು ಎಂಬುದನ್ನು ಮರೆಯಬಾರದು. ಸರಾಸರಿಯಂತೆ ನಡೆಯಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ.

ಪ್ರೌಢ ಜೀವನವನ್ನೂ ಬೆಳವಣಿಗೆಯ ಕಾಲವೆಂದು ಸ್ಪಷ್ಟವಾಗಿ ಪರಿಗಣಿಸಿದವರು ಎರಿಕ್ ಎರಿಕ್ಸನ್. 1950ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಜೀವಿತವನ್ನು ಎಂಟು ಹಂತಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಮೂರು ಪ್ರಾಯ ಬಂದ ನಂತರದವು: ತಾರುಣ್ಯದಲ್ಲಿ ಆಪ್ತತೆ, ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯ ಹೊಣೆ, ಮುಪ್ಪಿನಲ್ಲಿ ಬಾಳಿದ ಬಾಳನ್ನು ಸಮಗ್ರವಾಗಿ ಒಪ್ಪಿಕೊಳ್ಳುವ ಸ್ಥಿತಿ. ನಡುವಯಸ್ಸಿನ ಹೊಣೆಯನ್ನು ಅರಿಯಲು ಎರಿಕ್ಸನ್ ಆರಿಸಿಕೊಂಡದ್ದು ನಮ್ಮ ದೇಶದವರನ್ನೇ, ಮಹಾತ್ಮ ಗಾಂಧೀಜಿಯವರನ್ನು. ಅವರು ಅಹಮದಾಬಾದಿಗೆ ಬಂದು, 1918ರ ಗಿರಣಿ ಮುಷ್ಕರವನ್ನು ಕಂಡವರೊಡನೆ ಮಾತನಾಡಿ, 1969ರಲ್ಲಿ ಆ ಕುರಿತ ಗ್ರಂಥವನ್ನು ಹೊರತಂದರು. ಮುಷ್ಕರದ ಕಾಲಕ್ಕೆ ಗಾಂಧೀಜಿಯವರಿಗೆ 48 ವರ್ಷ.

ಗಾಂಧೀಜಿಯವರ ಜೀವನ ಈ ವಿಷಯಕ್ಕೆ ಅತ್ಯುತ್ತಮ ನಿದರ್ಶನವೆಂದು ನಾವೂ ಭಾವಿಸುತ್ತೇವೆ. ಅವರು ಮಹಾತ್ಮರೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಅವರು ಯಾವ ವರ್ಷ ಏನನ್ನು ನಂಬಿದ್ದರು ಎಂಬುದು ಅವರ ಲೇಖನಿಯಿಂದಲೇ ದಾಖಲಾಗಿ ಉಳಿದಿದೆ. ಜಾತಿಯ ವಿಷಯವೊಂದನ್ನೇ ಹಿಡಿದು ನೋಡಬಹುದು.

1898ರ ಸುಮಾರಿಗೆ ಡರ್ಬಾನಿನ ಅವರ ಮನೆಯಲ್ಲಿ ಅಸ್ಪೃಶ್ಯರೆನಿಸಿದ ಕುಟುಂಬದಲ್ಲಿ ಹುಟ್ಟಿದ ಗುಮಾಸ್ತರೊಬ್ಬರು ಉಳಿದಿದ್ದರು. ಅವರ ಮೂತ್ರಪಾತ್ರೆಯನ್ನು ಎತ್ತಲು ಕಸ್ತೂರಬಾ ಅವರಿಗೆ ಮನಸ್ಸಾಗಲಿಲ್ಲ, ಕಣ್ಣೀರಿನಲ್ಲೇ ಎತ್ತಿದರು. ಸಂತೋಷದಿಂದ ಎತ್ತಬೇಕೆಂದು ಹಟ ಹಿಡಿದ ಪತಿ, ಅವರ ಕೈ ಹಿಡಿದೆಳೆದು ಬಾಗಿಲ ಹೊರಗೆ ದೂಡಲು ಹೋದರು. ಸಮತೆಯ ಮೌಲ್ಯ ಅಲ್ಲಿತ್ತು. ಮನೆಯ ಹೆಣ್ಣುಮಗಳನ್ನು ಸಮಾನಳೆಂದು ಕಾಣುವ ಮೌಲ್ಯ ಇನ್ನೂ ಹುಟ್ಟಿರಲಿಲ್ಲ. ಒಂದು ಮೌಲ್ಯ ಬಲವಾದೊಡನೆ ಉಳಿದವೂ ಹಿಂದೆಯೇ ಬರುತ್ತವೆಂದು ತಿಳಿಯುವವರು ಈ ಪ್ರಸಂಗವನ್ನು ಗಮನಿಸಬೇಕು. ಇದನ್ನು ಆತ್ಮಕಥೆಯಲ್ಲಿ ನಾಚಿಕೆಯೊಡನೆ ಬರೆದಿಟ್ಟವರೂ ಅವರೇ.

1915ರಲ್ಲಿ ಅಹಮದಾಬಾದಿನ ಸಮೀಪದ ಕೋಚರಬ್‌ನಲ್ಲಿ ಆಶ್ರಮ ಸ್ಥಾಪಿಸಿದ ಕೆಲವೇ ತಿಂಗಳಲ್ಲಿ ದೂಧಾಭಾಯಿ, ಅವರ ಪತ್ನಿ ದಾನಿಬೆನ್, ಮಗು ಲಕ್ಷ್ಮಿ ಎಂಬ ಅಸ್ಪೃಶ್ಯ ಕುಟುಂಬವನ್ನು ಗಾಂಧೀಜಿ ಸೇರಿಸಿಕೊಂಡರು. ಬಾವಿಯ ಬಳಿ ಬೈಗುಳ ಆರಂಭವಾಯಿತು. ಆಶ್ರಮದ ಒಳಗೂ ಅಸಮಾಧಾನ ಎದ್ದಿತು. ಬರುತ್ತಿದ್ದ ಧನಸಹಾಯ ನಿಂತುಹೋಯಿತು. ಆಶ್ರಮವನ್ನು ಅಸ್ಪೃಶ್ಯರ ಕೇರಿಗೇ ಒಯ್ಯಲು ಅವರು ಸಿದ್ಧರಾಗಿದ್ದಾಗ ಒಬ್ಬ ಗಿರಣಿ ಮಾಲೀಕರು ಕಾರಿನಲ್ಲಿ ಬಂದು 13,000 ರೂಪಾಯಿಗಳನ್ನು ಕೈಗಿತ್ತು ಹೋದರು. ಅವರು ಅಂಬಾಲಾಲ್ ಸಾರಾಭಾಯಿ ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ಮೂರು ವರ್ಷಗಳ ನಂತರದ ಮುಷ್ಕರದಲ್ಲಿ ಗಾಂಧೀಜಿ ಕಾರ್ಮಿಕರ ಪಕ್ಷ ವಹಿಸಿದಾಗ ಎದುರು ಪಕ್ಷದ ಮುಂದಾಳು ಇದೇ ಅಂಬಾಲಾಲರು! ಬೆಲೆ ತೆರದ ಮೌಲ್ಯವು ಇನ್ನೂ ಅಭಿಪ್ರಾಯವಾಗಿಯೇ ಉಳಿದಿರುತ್ತದೆ ಎಂಬುದಕ್ಕೆ ಈ ಎರಡು ಘಟನೆಗಳು ಸಾಕು.

ಇಷ್ಟಾದರೂ ಅವರ ಮನಸ್ಸು ಒಂದು ಗಡಿಯಲ್ಲಿ ನಿಂತಿತ್ತು. 1921ರಲ್ಲಿ, 52ನೆಯ ವಯಸ್ಸಿನಲ್ಲಿ, ‘ಯಂಗ್ ಇಂಡಿಯಾ’ದಲ್ಲಿ ಬರೆಯುತ್ತ ಅವರು ಅಂತರ್ಜಾತಿ ಭೋಜನ, ವಿವಾಹಗಳ ಮೇಲಿನ ನಿಷೇಧವು ಆತ್ಮೋನ್ನತಿಗೆ ಅವಶ್ಯವೆಂದೇ ಸಮರ್ಥಿಸಿದ್ದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಿಂದ ಅಸ್ಪೃಶ್ಯತೆಯನ್ನು ಕಟುವಾಗಿ ಖಂಡಿಸಿದವರೂ ಅವರೇ. ನಿಲುವು ಸಡಿಲವಾದದ್ದು ಆ ನಂತರ, ಅದೂ ಬಹು ನಿಧಾನವಾಗಿ. ಮಗ ದೇವದಾಸರು ರಾಜಾಜಿಯವರ ಮಗಳು ಲಕ್ಷ್ಮಿಯನ್ನು ಮದುವೆಯಾಗಬಯಸಿದರು. ವರ ವೈಶ್ಯ, ವಧು ಬ್ರಾಹ್ಮಣ. ಇಬ್ಬರು ತಂದೆಯರೂ ಇಲ್ಲವೆನ್ನಲಿಲ್ಲ, ತಕ್ಷಣ ಹೂಂ ಎನ್ನಲೂ ಇಲ್ಲ; ವರ್ಷಗಟ್ಟಲೆ ದೂರವಿದ್ದು ಕಾಯುವಂತೆ ಹೇಳಿದರು. 1933ರ ಜೂನ್‌ನಲ್ಲಿ ಪುಣೆಯಲ್ಲಿ ವಿವಾಹ ನೆರವೇರಿತು. 1935ರಲ್ಲಿ, 66ನೆಯ ವಯಸ್ಸಿನಲ್ಲಿ, ಜಾತಿ ಅಳಿಯಲೇಬೇಕೆಂದು ‘ಹರಿಜನ’ ಪತ್ರಿಕೆಯಲ್ಲಿ ಬರೆದರು. 1940ರ ದಶಕದ ಮಧ್ಯಭಾಗದ ಹೊತ್ತಿಗೆ, ವಧುವರರಲ್ಲಿ ಒಬ್ಬರು ಹರಿಜನರಾಗಿರದ ಮದುವೆಗೆ ತಮ್ಮ ಆಶೀರ್ವಾದವಿಲ್ಲ ಎನ್ನುವವರೆಗೆ ಬಂದಿದ್ದರು. ಎಪ್ಪತ್ತೈದು ದಾಟಿದ ವಯಸ್ಸದು. ಅರವತ್ತಕ್ಕೆ ಅರಳುಮರಳು ಎನ್ನುವವರು ಈ ತಾರೀಖುಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಈ ಬದಲಾವಣೆ ಏಕಾಂತದ ಚಿಂತನೆಯಿಂದಷ್ಟೇ ಬಂದುದಲ್ಲ. ಡಾ. ಬಿ. ಆರ್. ಅಂಬೇಡ್ಕರರು ಎದುರಿಗೆ ನಿಂತು ಬಿಡದೆ ಪ್ರಶ್ನಿಸಿದರು. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ವಿವಾಹವೆಂದು 1936ರಲ್ಲಿ ನೇರವಾಗಿ ಬರೆದರು. ಗಾಂಧೀಜಿ ಬಹಳ ತಡಮಾಡಿದರು ಎಂಬ ಅವರ ಅನುಯಾಯಿಗಳ ದೂರು ನ್ಯಾಯವಾದುದೇ. ಅದನ್ನು ಮುಚ್ಚಿಡುವ ಅಗತ್ಯ ನಮಗೆ ಕಾಣುವುದಿಲ್ಲ. ಹೊಗಳುವವರ ನಡುವೆ ಮಾತ್ರ ಇರುವ ಹಿರಿಯರ ಮೌಲ್ಯಗಳು ಬೆಳೆಯುವುದು ಕಷ್ಟ. ಮನೆಯಲ್ಲಿ ಎದುರು ಮಾತಾಡುವ ಮಗ ಸೊಸೆಯರಿದ್ದರೆ ಅದನ್ನು ಭಾಗ್ಯವೆಂದೇ ತಿಳಿಯಬಹುದು, ಆ ಹೊತ್ತಿಗೆ ಹಾಗೆನಿಸದಿದ್ದರೂ.

ಶರಣ ಪರಂಪರೆಗೆ ಈ ವಿಚಾರ ಹೊಸದಲ್ಲ. ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ ಎಂದು ಭಕ್ತಿಯೇ ಸ್ಥಲದಿಂದ ಸ್ಥಲಕ್ಕೆ ರೂಪ ಬದಲಿಸುತ್ತದೆ. ಯಾವ ಸ್ಥಲಕ್ಕೂ ವಯಸ್ಸಿನ ಗುರುತಿಲ್ಲ. ಇದನ್ನು ಎರಿಕ್ಸನ್ನರ ಹಂತಗಳೊಡನೆ ಸಮೀಕರಿಸುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಒಂದು ಆಯುಷ್ಯದ ಲೆಕ್ಕ, ಇನ್ನೊಂದು ಸಾಧನೆಯ ಲೆಕ್ಕ. ಆದರೆ ಕಲ್ಯಾಣದ ಹರಳಯ್ಯ, ಮಧುವರಸರ ಪರಂಪರಾಗತ ವೃತ್ತಾಂತವನ್ನು ನೆನೆಯುವಾಗ ಒಂದು ಅಂಶ ಕಣ್ಣು ತಪ್ಪುತ್ತದೆ: ಸಂಬಂಧ ಬೆಳೆಸಿದಾಗ ಅವರಿಬ್ಬರೂ ಮದುವೆಗೆ ಬಂದ ಮಕ್ಕಳ ತಂದೆಯರು. ಮಧುವರಸನಂತೂ ಬ್ರಾಹ್ಮಣ್ಯದಲ್ಲಿ ಬೆಳೆದು ಬಂದವನು.

ಹಿಂದೆ ಹೇಳಿದ ಮಾತಿಗೂ ಈಗಿನ ಮಾತಿಗೂ ಹೊಂದದಿದ್ದರೆ ಏನು ಮಾಡಬೇಕು? ಹಿರಿಯರನ್ನು ಬಾಧಿಸುವ ನಿಜವಾದ ಸಂಕೋಚ ಇದೇ ಇರಬಹುದು. 1933ರ ಏಪ್ರಿಲ್ 29ರ ‘ಹರಿಜನ’ ಸಂಚಿಕೆಯಲ್ಲಿ ಗಾಂಧೀಜಿ ಈ ಪ್ರಶ್ನೆಗೆ ಓದುಗರಿಗೆ ಕೊಟ್ಟ ಸೂಚನೆಯ ಸಾರ ಇಷ್ಟು: ಒಂದೇ ವಿಷಯದ ಮೇಲಿನ ಎರಡು ಬರಹಗಳಲ್ಲಿ ವಿರೋಧ ಕಂಡರೆ, ತಮ್ಮಲ್ಲಿ ವಿಶ್ವಾಸವುಳ್ಳವರು ಎರಡನೆಯದನ್ನು ಆರಿಸಿಕೊಳ್ಳುವುದು ಲೇಸು. ನವಜೀವನ ಪ್ರಕಾಶನದ ಅನೇಕ ಗಾಂಧಿ ಪುಸ್ತಕಗಳ ಮೊದಲ ಪುಟಗಳಲ್ಲಿ ಈ ಸೂಚನೆ ಅಚ್ಚಾಗಿದೆ. ಪುಸ್ತಕ ಕೈಗೆ ಸಿಕ್ಕವರು ತೆರೆದು ನೋಡಬಹುದು.