ಬಾಗಿಲು ಮತ್ತು ಗೋಡೆ: ಚಲಚ್ಚಿತ್ರದಲ್ಲಿ ಕಾಗಿನೆಲೆಯ ಕನಕದಾಸರು

ಕಾಗಿನೆಲೆಯ ಆದಿಕೇಶವನ ಅಂಕಿತದಿಂದ ಹಾಡಿದ ಕನಕದಾಸರ ಕಥೆಯು 1960ರಲ್ಲಿ 'ಭಕ್ತ ಕನಕದಾಸ'ವೆಂಬ ಚಲಚ್ಚಿತ್ರವಾಗಿ ಪ್ರಕಟವಾಯಿತು. ಅದರ ನಿರ್ದೇಶಕರು ವೈ. ಆರ್. ಸ್ವಾಮಿಯವರು, ಸಂಗೀತವು ಎಂ. ವೆಂಕಟರಾಜು ಅವರದು, ಕನಕನ ಪಾತ್ರವನ್ನು ಧರಿಸಿದವರು ರಾಜಕುಮಾರರು, ಅವರಿಗೆ ಕಂಠವಾದವರು ಪಿ. ಬಿ. ಶ್ರೀನಿವಾಸರು. ಚಲಚ್ಚಿತ್ರವನ್ನು ಶಾಸ್ತ್ರದಂತೆ ವ್ಯಾಸಂಗಮಾಡುವ ವಿದ್ಯಾರ್ಥಿಗಳು ಇದನ್ನು ಭಕ್ತಿಚಿತ್ರವೆಂದು ಹೆಸರಿಸಿ ಮುಂದೆ ಸಾಗುವುದುಂಟು. ಪ್ರತೀಕವಿಚಾರಕ್ಕೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಮೊದಲಾದವುಗಳೇ ತಕ್ಕುವೆಂಬುದು ಅವರ ಎಣಿಕೆ. ಜೀವಂತಳಾದ ವಿಧವೆಗೆ ಶ್ರಾದ್ಧವನ್ನು ಮಾಡಿ ಒಡೆಯುವ ಮಡಕೆಯು ಪ್ರತೀಕವೆಂಬುದು ನೋಡಿದವರಿಗೆಲ್ಲ ಹೊಳೆಯುವುದು ದಿಟ. ಉಡುಪಿಯ ಕಿಂಡಿಯಾದರೋ ಅತಿಪರಿಚಯದ ದೆಸೆಯಿಂದಲೇ ಪ್ರತೀಕವಾಗಿ ತೋರದು.

ಕನಕದಾಸರು ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲಸಿದವರು, ಹದಿನಾರನೆಯ ಶತಮಾನದವರು, ಕುರುಬರ ಕುಲದವರು. ಉಡುಪಿಯಲ್ಲಿ ಅವರಿಗೆ ಪ್ರವೇಶ ದೊರೆಯದಿರಲು ಹಿಂಬದಿಯ ಗೋಡೆ ಬಿರಿದು ಶ್ರೀಕೃಷ್ಣನು ಅತ್ತ ತಿರುಗಿದನೆಂಬುದು ಐತಿಹ್ಯ. ಚಿತ್ರದಲ್ಲಿ ಈ ಸಂದರ್ಭಕ್ಕೆ ಒದಗಿರುವ ಕೀರ್ತನೆಯು, ಬಾಗಿಲನ್ನು ತೆರೆದು ಸೇವೆಯನ್ನು ಕೊಡಬೇಕೆಂದು ಹರಿಯನ್ನು ಬೇಡುವ ಪ್ರಸಿದ್ಧ ಕೃತಿ. ಈ ಕೃತಿಯನ್ನು ಐತಿಹ್ಯದ ನೆನಪನ್ನು ಬದಿಗಿರಿಸಿ ಓದಿದವರಿಗೆ ಒಂದು ಸಂಗತಿ ತಟ್ಟನೆ ಗೋಚರವಾಗುವುದು. ಅದರಲ್ಲಿ ಉಡುಪಿಯ ಹೆಸರಿಲ್ಲ, ಗೋಡೆಯಿಲ್ಲ, ಕಿಂಡಿಯಿಲ್ಲ. ಶೇಷತಲ್ಪದಲ್ಲಿ ಪವಡಿಸಿದ ಪರಮಪದನಾಥನನ್ನು ಕೂಗಿ, ಗಜೇಂದ್ರನ ಮೊರೆಗೆ ಓಡಿಬಂದವನು, ಪ್ರಹ್ಲಾದನಿಗಾಗಿ ಕಂಬವನ್ನೊಡೆದವನು, ದ್ರೌಪದಿಗೆ ವಸನವನ್ನಿತ್ತವನು, ಅಜಾಮಿಳನನ್ನು ಪೊರೆದವನು ಈಗೇಕೆ ಸುಮ್ಮನಿರುವನೆಂದು ಕೇಳಿ, ಕೊನೆಯಲ್ಲಿ ಕಾಗಿನೆಲೆಯ ಆದಿಕೇಶವನನ್ನೇ ಸಂಬೋಧಿಸುವುದು. ಅಂದಮೇಲೆ ಕೀರ್ತನೆಯಲ್ಲಿ ಮುಚ್ಚಿರುವುದು ಪರಮಪದದ ಬಾಗಿಲು. ಚಿತ್ರದಲ್ಲಿ ಮುಚ್ಚಿರುವುದು ದೇವಾಲಯದ ಬಾಗಿಲು. ಈ ಸ್ಥಾನಾಂತರಕ್ಕೆ ಐತಿಹ್ಯವು ಮೊದಲೇ ದಾರಿಮಾಡಿತ್ತೆಂಬುದು ನಿಜ. ಅದನ್ನು ಕಣ್ಣಿಗೆ ಕಟ್ಟುವ ದೃಶ್ಯವನ್ನಾಗಿ ಮಾಡಿದ್ದು ಚಿತ್ರದ ಕೆಲಸ.

ಬೇಡಿದ್ದು ಬಾಗಿಲನ್ನು, ತೆರೆದದ್ದು ಗೋಡೆ. ಪವಾಡವು ಮುಗಿದ ಬಳಿಕವೂ ಬಾಗಿಲು ಹಿಂದಿನಂತೆಯೇ ಮುಚ್ಚಿರುವುದು, ಅದನ್ನು ಮುಚ್ಚಿದವರ ಕಟ್ಟಳೆಯೂ ಹಾಗೆಯೇ ನಿಲ್ಲುವುದು. ಭಕ್ತನಿಗೆ ದರ್ಶನವಾಯಿತೆಂಬ ಆನಂದದಲ್ಲಿ ಪ್ರೇಕ್ಷಕನು ಇದನ್ನು ಮರೆಯುವನು, ಅಭ್ಯಾಸಿಯು ಮರೆಯಲಾಗದು. ಕಿಂಡಿಯೇ ಅವಮಾನದ ಗುರುತೆಂದು ವಾದಿಸುವವರೂ ಅರ್ಧಸತ್ಯವನ್ನೇ ಹೇಳುತ್ತಾರೆ. ಏಕೆಂದರೆ ಉಡುಪಿಯಲ್ಲಿ ಒಳಗೆ ಹೋದ ಭಕ್ತರೂ ನವಗ್ರಹಕಿಂಡಿಯೆಂಬ ಒಂಬತ್ತು ರಂಧ್ರಗಳ ಗವಾಕ್ಷದಿಂದಲೇ ಮೂರ್ತಿಯನ್ನು ಕಾಣುವ ಸಂಪ್ರದಾಯವಿದೆ. ಭೇದವಿರುವುದು ಕಿಂಡಿಯಲ್ಲಲ್ಲ, ನೋಡುವವನು ಗೋಡೆಯ ಯಾವ ಬದಿಯಲ್ಲಿ ನಿಂತಿರುವನೆಂಬುದರಲ್ಲಿ.

ವ್ಯಂಗ್ಯಾರ್ಥವು ಹೊಳೆಯುವುದಕ್ಕೆ ಬೇಕಾದ ವಿಶೇಷಗಳನ್ನು ಮಮ್ಮಟನು ಕಾವ್ಯಪ್ರಕಾಶದ ತೃತೀಯೋಲ್ಲಾಸದಲ್ಲಿ ಎಣಿಸಿದ್ದಾನೆ. ಹೇಳುವವನು, ಕೇಳುವವನು, ಕಾಕು, ಪ್ರಸ್ತಾವ, ದೇಶ, ಕಾಲ ಇವು ಅವುಗಳಲ್ಲಿ ಕೆಲವು. ನಿರ್ದೇಶಕನನ್ನು ವಕ್ತೃವೆಂದೂ ಪ್ರೇಕ್ಷಕನನ್ನು ಬೋದ್ಧವ್ಯನೆಂದೂ ಇಟ್ಟುಕೊಂಡರೆ, ಇಂದಿನವರು ಸಾಮಾಜಿಕ ಸಂದರ್ಭವೆನ್ನುವುದು ಈ ದೇಶಕಾಲಗಳಿಂದ ಬಹುದೂರವಿಲ್ಲ. ಹೊಸ ವಿದ್ಯೆಯವರು ಹಳೆಯ ಲಕ್ಷಣಗ್ರಂಥಗಳನ್ನು ತೆರೆಯದಿರುವುದರಿಂದ ಆಗುವ ನಷ್ಟವು ಅವರದೇ.

ಈ ಚಿತ್ರದ ದೇಶಕಾಲಗಳೇನು? ಕಾಗಿನೆಲೆಯಿದ್ದ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೂ, ಉಡುಪಿಯಿದ್ದ ದಕ್ಷಿಣ ಕನ್ನಡವು ಮದ್ರಾಸು ಪ್ರಾಂತಕ್ಕೂ ಸೇರಿದ್ದವು. 1947ರಲ್ಲಿ ಎರಡು ಪ್ರಾಂತಗಳಲ್ಲಿಯೂ ದೇವಾಲಯ ಪ್ರವೇಶದ ಶಾಸನಗಳು ಹೊರಟವು. ಆ ಶಾಸನಗಳು ಮುಖ್ಯವಾಗಿ ಅಸ್ಪೃಶ್ಯರೆನಿಸಿದವರನ್ನು ಉದ್ದೇಶಿಸಿದ್ದವೇ ಹೊರತು ಕುರುಬರನ್ನಲ್ಲ; ಆದರೂ ದೇಗುಲದ ಬಾಗಿಲು ಯಾರ ಸ್ವತ್ತೆಂಬ ಪ್ರಶ್ನೆಯನ್ನು ಅವು ಊರೂರಿಗೆ ಒಯ್ದವು. 1950ರಲ್ಲಿ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1956ರ ನವೆಂಬರಿನಲ್ಲಿ ಕಾಗಿನೆಲೆಯೂ ಉಡುಪಿಯೂ ಮೈಸೂರು ರಾಜ್ಯದಲ್ಲಿ ಒಂದಾದವು. ಅದಾದ ನಾಲ್ಕನೆಯ ವರ್ಷದಲ್ಲಿ ಈ ಚಿತ್ರವು ಬಂದಿತು. ಕಾನೂನಿನಲ್ಲಿ ಬಾಗಿಲು ತೆರೆದಿದ್ದ ಕಾಲದಲ್ಲಿ ಕುಳಿತು ಪ್ರೇಕ್ಷಕರು ಮುಚ್ಚಿದ ಬಾಗಿಲಿನ ಕಥೆಯನ್ನು ನೋಡಿದರು. ಆಗ ಕಿಂಡಿಯು ಹಿಂದಿನ ಅನ್ಯಾಯಕ್ಕೆ ದೇವರೇ ನೀಡಿದ ಸಾಕ್ಷಿಯೆಂದು ಕೆಲವರಿಗೆ ತೋರಿರಬಹುದು. ಮನುಷ್ಯರು ಮಾಡಬೇಕಾದುದನ್ನು ದೇವರೇ ಮಾಡಿಬಿಟ್ಟನೆಂಬ ನೆಮ್ಮದಿಯನ್ನು ಇನ್ನು ಕೆಲವರಿಗೆ ತಂದಿರಬಹುದು. ಎರಡರ್ಥಗಳಿಗೂ ಚಿತ್ರವು ಎಡೆಗೊಡುವುದರಿಂದಲೇ ಅದು ವ್ಯಾಸಂಗಕ್ಕೆ ಯೋಗ್ಯ.

ಇದರೊಂದಿಗೆ ಕನಕದಾಸರು ತಾವೇ ನಿರ್ಮಿಸಿದ ಪ್ರತೀಕವನ್ನು ವಿದ್ಯಾರ್ಥಿಯು ಹೋಲಿಸಿ ನೋಡಬೇಕು. ರಾಮಧಾನ್ಯಚರಿತ್ರೆಯಲ್ಲಿ ನರೆದಲೆಗವೆಂಬ ರಾಗಿಯೂ ವ್ರೀಹಿಯೆಂಬ ಬತ್ತವೂ ಶ್ರೇಷ್ಠತೆಗಾಗಿ ಜಗಳವಾಡುವುವು. ವ್ರೀಹಿಯ ಹೆಮ್ಮೆಗೆ ಕುಲೀನರ ಮನ್ನಣೆಯೇ ಆಧಾರ. ಶ್ರೀರಾಮನು ಯಾರ ಪಕ್ಷವನ್ನೂ ವಹಿಸದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುವನು. ಅವಧಿ ಕಳೆದಮೇಲೆ ನೋಡಿದರೆ ವ್ರೀಹಿಯು ಸೊರಗಿರುವುದು, ನರೆದಲೆಗವು ಕೆಡದೆ ಉಳಿದಿರುವುದು. ರಾಘವನ ಹೆಸರು ಅದಕ್ಕೆ ದೊರೆಯುವುದು. ಇಲ್ಲಿ ಪವಾಡವಿಲ್ಲ, ಗೋಡೆ ಬಿರಿಯುವುದಿಲ್ಲ. ಇಬ್ಬರಿಗೂ ಒಂದೇ ಸೆರೆ, ಒಂದೇ ಅವಧಿ, ತೀರ್ಪು ಸಭೆಯ ಎದುರಿನಲ್ಲಿ.