ಪುಟ್ಟ ದನಗಳಿಗೆ ಬಣ್ಣ ಹಚ್ಚಿದ ಕೈಗಳು

ಮಾದರಿ ರೈಲುಹಳಿಯ ಪಕ್ಕದ ಹುಲ್ಲುಗಾವಲಿನಲ್ಲಿ ನಿಲ್ಲಿಸುವ ಪುಟ್ಟ ಹಸು, ಕುರಿ, ಹಂದಿಗಳ ಚರಿತ್ರೆ ರೈಲಿಗಿಂತಲೂ ಹಳೆಯದು. ಅದರ ಒಂದು ಬೇರು ಜರ್ಮನಿಯ ಸ್ಯಾಕ್ಸನಿಯ ಗಡಿಬೆಟ್ಟಗಳ ನಡುವಿನ ಸೈಫೆನ್ ಎಂಬ ಊರಿನಲ್ಲಿದೆ. ತವರದ ಗಣಿಗಳು ಬರಿದಾಗುತ್ತ ಬಂದಂತೆ ಇಲ್ಲಿನ ಗಣಿ ಕುಟುಂಬಗಳು ಮರಗೆಲಸಕ್ಕೆ ತಿರುಗಿದವು. 1800ರ ಸುಮಾರಿಗೆ ಬಳೆ ಕಡೆಯುವ ವಿಶಿಷ್ಟ ಕ್ರಮವೊಂದು ಅಲ್ಲಿ ರೂಪುಗೊಂಡಿತು. ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಲೇತಿಗೆ ಕಟ್ಟಿ, ಉಳಿಯಿಂದ ಎರಡೂ ಬದಿಗೆ ಕಡೆದು ಬಳೆಯಾಗಿಸಿ, ಅದನ್ನು ಚಾಕುವಿನಿಂದ ಸೀಳಿದಾಗ ಪ್ರತಿ ಹೋಳಿನಲ್ಲೂ ಒಂದು ಪ್ರಾಣಿಯ ಆಕಾರ ಮೂಡುತ್ತಿತ್ತು. ಬಳೆ ಸೀಳುವವರೆಗೂ ಪ್ರಾಣಿ ಕಣ್ಣಿಗೆ ಬೀಳದ ಕಾರಣ, ಕಡೆಯುವವನು ಅದರ ಬೆನ್ನು, ಹೊಟ್ಟೆ, ಕಾಲುಗಳ ಅಳತೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರಬೇಕಿತ್ತು. ಅಂಚು ಕೆತ್ತಿ, ಕೊಂಬು, ಕಿವಿ, ಬಾಲ ಅಂಟಿಸಿ ಬಣ್ಣ ಹಚ್ಚುವ ಕೆಲಸ ಮನೆಮನೆಗಳಲ್ಲಿ, ಮಕ್ಕಳನ್ನೂ ಒಳಗೊಂಡು, ಅತ್ಯಲ್ಪ ಕೂಲಿಗೆ ನಡೆಯುತ್ತಿತ್ತು.

1891ರಲ್ಲಿ ಜರ್ಮನಿಯ ಮರ್ಕ್ಲಿನ್ ಸಂಸ್ಥೆ ನಿಗದಿತ ಅಗಲದ ಹಳಿಗಳುಳ್ಳ ಆಟಿಕೆ ರೈಲನ್ನು ಮಾರುಕಟ್ಟೆಗೆ ತಂದ ಮೇಲೆ ರೈಲಿನ ಸುತ್ತ ನಿಲ್ದಾಣ, ಸೇತುವೆ, ಹೊಲಗಳನ್ನು ಕೂಡಿಸುತ್ತ ಹೋಗುವ ಹವ್ಯಾಸಕ್ಕೆ ದಾರಿಯಾಯಿತು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬವು ಪೊಳ್ಳು ಎರಕವನ್ನು, ಅಂದರೆ ಕರಗಿಸಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದು ಹೊರಪದರ ಗಟ್ಟಿಯಾದೊಡನೆ ಒಳಗಿನದನ್ನು ಹೊರಚೆಲ್ಲುವ ವಿಧಾನವನ್ನು, ಆಟಿಕೆ ಸೈನಿಕರ ತಯಾರಿಕೆಗೆ ತಂದಿತು. ಮೊದಲ ಮಹಾಯುದ್ಧದ ಸಾವುನೋವಿನಿಂದ ಬಳಲಿದ ಜನರಿಗೆ ಸೈನಿಕರ ಆಟಿಕೆ ಬೇಡವಾದಾಗ, 1920ರ ದಶಕದ ಆರಂಭದಲ್ಲಿ ಬ್ರಿಟನ್ ಕುಟುಂಬದ ಸಂಸ್ಥೆಯೇ ‘ಹೋಮ್ ಫಾರ್ಮ್’ ಮಾಲೆಯ ಹಸು, ಕುದುರೆ, ಕೋಳಿಗಳನ್ನು ಹೊರತಂದಿತು. ಅವುಗಳಿಗೆ ಕುಂಚದಿಂದ ಬಣ್ಣ ಹಚ್ಚಿದವರು ಬಹುಪಾಲು ಮಹಿಳೆಯರು. ಅವರಲ್ಲಿ ಅನೇಕರು ಮನೆಯಲ್ಲೇ ಕುಳಿತು, ಹಚ್ಚಿದಷ್ಟಕ್ಕೆ ಕೂಲಿ ಪಡೆಯುತ್ತಿದ್ದರು.

ಎರಡನೆಯ ಮಹಾಯುದ್ಧದ ನಂತರ 1:87 ಪ್ರಮಾಣದ ಎಚ್‌ಒ ರೈಲು ಜನಪ್ರಿಯವಾಯಿತು. ಸೀಸದ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು. ಬ್ರಿಟನ್ ಸಂಸ್ಥೆ 1966ರಲ್ಲಿ ಸೀಸದ ಆಟಿಕೆಗಳನ್ನು ನಿಲ್ಲಿಸಿತು. ಜರ್ಮನಿಯ ಪ್ರೈಸರ್ ಸಂಸ್ಥೆ ಬಣ್ಣ ಹಚ್ಚಿದ ಗೊಂಬೆಗಳ ಜೊತೆಗೆ ಬಣ್ಣವಿಲ್ಲದವನ್ನೂ ಮಾರತೊಡಗಿದಾಗ ಕುಂಚವು ಹವ್ಯಾಸಿಗಳ ಕೈಗೂ ಬಂದಿತು. 1:87 ಪ್ರಮಾಣದಲ್ಲಿ 140 ಸೆಂ.ಮೀ. ಎತ್ತರದ ಹಸು ಸುಮಾರು 16 ಮಿ.ಮೀ.ಗೆ ಇಳಿಯುತ್ತದೆ. ಅದರ ಬಿಳಿ ಮೈಮೇಲೆ ಕಪ್ಪು ಮಚ್ಚೆಗಳು ಕೂತರೆ ಅದು ಫ್ರೀಸಿಯನ್ ತಳಿ, ಕೆಂಗಂದು ಮೈಗೆ ಬಿಳಿ ಮುಖ ಬಂದರೆ ಹೆರ್‌ಫರ್ಡ್. ಕೆಚ್ಚಲಿಗೂ ಮೂತಿಗೂ ನಸುಗೆಂಪು ಮುಟ್ಟಿಸಿ, ಮೈಯ ಮಡಿಕೆಗಳಿಗೆ ನೀರಾಗಿಸಿದ ಕಂದು ಬಣ್ಣವನ್ನು ಇಳಿಬಿಟ್ಟು, ಕೊನೆಗೆ ಹೊಳಪನ್ನು ಅಡಗಿಸುವ ಲೇಪ ಕೊಟ್ಟಾಗಲೇ ಪ್ಲಾಸ್ಟಿಕ್ಕಿಗೆ ಜೀವಕಳೆ ಬರುತ್ತದೆ.

ಹೀಗೆ ಬಡ ಮನೆಗಳ ಕೂಲಿಗೆಲಸವಾಗಿ ಬೆಳೆದ ಕಸುಬು ಬಿಡುವಿನ ವೇಳೆಯ ಕಲೆಯೂ ಆಯಿತು. ಹಳೆಯ ಸೀಸದ ಹಸುಗಳನ್ನು ಸಂಗ್ರಹಿಸುವವರು ಇಂದು ಮೊದಲು ನೋಡುವುದು ಮೂಲ ಬಣ್ಣ ಉಳಿದಿದೆಯೇ ಎಂಬುದನ್ನೇ. ಮತ್ತೆ ಬಣ್ಣ ಬಳಿದದ್ದಕ್ಕೆ ಅಷ್ಟು ಬೆಲೆಯಿಲ್ಲ. ಆ ಬೆಲೆಯಲ್ಲಿ ಹೆಸರು ದಾಖಲಾಗದೆ ಹೋದ ಆ ಮಹಿಳೆಯರ ದುಡಿಮೆಗೂ ಪಾಲಿದೆ ಎಂಬುದನ್ನು ಆಟಿಕೆಗಳ ಚರಿತ್ರೆ ಒಪ್ಪಿಕೊಳ್ಳಲೇಬೇಕು.