ಮಾತಿಲ್ಲದ ಚಿತ್ರದೊಳಗೆ ಒಂದು ವಾಕ್ಯ: ‘ದಿ ಇಲ್ಯೂಷನಿಸ್ಟ್’ ಮತ್ತು ‘ಪುಷ್ಪಕ ವಿಮಾನ’

ಹೂವಿನಹಡಗಲಿ ತಾಲೂಕಿನಲ್ಲಿ ಮೈಲಾರವಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಅಲ್ಲಿ ಲಕ್ಷಾಂತರ ಜನ ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಡಮರುಗ, ಹರಟೆ, ಕೇಕೆ ಎಲ್ಲವೂ ನಿಲ್ಲುತ್ತವೆ. ಆ ಮೌನದಲ್ಲಿ ಒಂದೇ ಒಂದು ವಾಕ್ಯ ಹೊರಡುತ್ತದೆ. ಅದೇ ಕಾರಣಿಕ. ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಅದನ್ನು ಹೊಂದಿಸಿ ಜನ ಮುಂದಿನ ಜಾತ್ರೆಯವರೆಗೂ ಅರ್ಥ ಹಚ್ಚುತ್ತಾರೆ. ಮೌನವೆಂಬುದು ಒಂದು ಮಾತಿಗೆ ತೂಕ ತರುವ ಏರ್ಪಾಡು ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಹಳೆಯದು. ಮಾತಿಲ್ಲದ ಎರಡು ಚಲನಚಿತ್ರಗಳನ್ನು ಆ ತಿಳಿವಳಿಕೆಯಿಂದ ಓದಬಹುದೆಂಬುದು ಈ ಲೇಖನದ ವಾದ. ಎರಡರಲ್ಲೂ ಒಬ್ಬ ಜಾದೂಗಾರನಿದ್ದಾನೆ, ಎರಡರಲ್ಲೂ ಕೊನೆಗೊಂದು ಚೀಟಿ ಬರುತ್ತದೆ.

ಫ್ರಾನ್ಸಿನ ಸಿಲ್ವ್ಯಾಂ ಶೋಮೆ ನಿರ್ದೇಶಿಸಿದ ‘ದಿ ಇಲ್ಯೂಷನಿಸ್ಟ್’ (2010) ಕೈಯಿಂದ ಬರೆದ ಚಿತ್ರಗಳ ಅನಿಮೇಷನ್. ನಟ, ನಿರ್ದೇಶಕ ಜಾಕ್ ತಾತಿ 1950ರ ದಶಕದಲ್ಲಿ ಬರೆದು, ಚಿತ್ರವಾಗಿಸದೆ ಉಳಿಸಿದ್ದ ಕಥೆ ಅದರ ಮೂಲ. ನಾಯಕನ ಹೆಸರು ತಾತಿಶೆಫ್; ತಾತಿಯ ನಿಜವಾದ ಮನೆತನದ ಹೆಸರೂ ಅದೇ. ಕಾಲ 1959. ರಾಕ್ ಸಂಗೀತದ ಹುಡುಗರಿಗೆ ಕಿಕ್ಕಿರಿಯುವ ರಂಗಮಂದಿರ ಈ ವಯಸ್ಸಾದ ಜಾದೂಗಾರನ ಸರದಿ ಬಂದಾಗ ಖಾಲಿಯಾಗಿರುತ್ತದೆ. ಸ್ಕಾಟ್ಲೆಂಡಿನ ದ್ವೀಪವೊಂದರ ಹುಡುಗಿ ಆಲಿಸ್ ಅವನ ಮಾಟವನ್ನು ನಿಜವೆಂದೇ ನಂಬಿ ಎಡಿನ್‌ಬರಾಕ್ಕೆ ಬೆನ್ನುಹತ್ತಿ ಬರುತ್ತಾಳೆ. ಅವಳು ಆಸೆಪಟ್ಟ ಬೂಟು, ಕೋಟುಗಳನ್ನು ಗಾಳಿಯಿಂದ ತೆಗೆದವನಂತೆ ಕೊಡಲು ಅವನು ಗ್ಯಾರೇಜಿನಲ್ಲಿ ರಾತ್ರಿಪಾಳಿ ಮಾಡುತ್ತಾನೆ, ಅಂಗಡಿಯ ಗಾಜಿನ ಹಿಂದೆ ನಿಂತು ಸರಕಿನ ಜಾಹೀರಾತಾಗುತ್ತಾನೆ.

ಇಲ್ಲಿ ಮೌನದ ಕೆಲಸವೇನು? ಸಂತೆಯ ಗಾರುಡಿಗನನ್ನು ಕಂಡವರಿಗೆ ಗೊತ್ತು, ಆ ವೃತ್ತಿಯಲ್ಲಿ ಅರ್ಧ ಕೈಚಳಕ, ಅರ್ಧ ಬಾಯಿಚಳಕ. ಮಾತು ನೋಡುವವರ ಕಣ್ಣನ್ನು ಅತ್ತ ಸೆಳೆದಾಗ ಕೈ ಇತ್ತ ತನ್ನ ಕೆಲಸ ಮುಗಿಸುತ್ತದೆ. ಶೋಮೆ ಆ ಮಾತಿನ ಮರೆಯನ್ನೇ ಕಿತ್ತುಹಾಕಿದ್ದಾರೆ. ಹಾಗಾಗಿ ಪ್ರೇಕ್ಷಕನಿಗೆ ಮಾಯೆಗಿಂತ ಮೊದಲು ಅದರ ಹಿಂದಿನ ದುಡಿಮೆ, ದಣಿವು, ಸಾಲ ಕಾಣುತ್ತವೆ. ತುಂಗಭದ್ರೆಯಾಚೆಯ ಕೊಪ್ಪಳ ತಾಲೂಕಿನ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ಇಳಿವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಅವರ ಪರಂಪರೆಯ ತೊಗಲುಗೊಂಬೆಗೆ ಪರದೆಯ ಹಿಂದಿನ ದನಿಯೇ ಜೀವ. ಶೋಮೆಯ ಚಿತ್ರಗೊಂಬೆಗೆ ಆ ಆಸರೆಯೂ ಇಲ್ಲ. ಬಗ್ಗಿದ ಬೆನ್ನು, ತಡವರಿಸುವ ನಡಿಗೆ, ಅಲ್ಲೊಂದು ಇಲ್ಲೊಂದು ಗೊಣಗಾಟ, ಅಷ್ಟೇ.

ಕನ್ನಡಕ್ಕೆ ಬಂದರೆ ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987). ಶೃಂಗಾರ್ ನಾಗರಾಜ್ ಜೊತೆಗೂಡಿ ನಿರ್ಮಿಸಿದ, ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಉತ್ತಮ ಮನರಂಜನೆಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಕಮಲಹಾಸನ್ ನಿರುದ್ಯೋಗಿ ಯುವಕ, ಅಮಲಾ ಜಾದೂಗಾರನ ಮಗಳು. ಜಾದೂಗಾರನ ಪಾತ್ರ ಮಾಡಿದವರು ಕೆ. ಎಸ್. ರಮೇಶ್, ಅವರು ನಿಜಜೀವನದಲ್ಲೂ ಜಾದೂಗಾರರೇ. ಮಾತು ಹೋದ ಜಾಗವನ್ನು ಇಲ್ಲಿ ಸದ್ದು ತುಂಬುತ್ತದೆ. ಸಿನಿಮಾ ಮಂದಿರದ ಪಕ್ಕದ ಕೋಣೆಯಲ್ಲಿ ಮಲಗಿ ರೂಢಿಯಾದ ಯುವಕನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ಹೊಡೆದಾಟದ ಆ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡ ಮೇಲೆಯೇ ಅವನು ಮಲಗುತ್ತಾನೆ. ಬಡತನ ಒಬ್ಬನ ಕಿವಿಯಲ್ಲಿ ಹೇಗೆ ಮನೆಮಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ದೃಶ್ಯವನ್ನು ನಾನು ಕನ್ನಡ ಚಿತ್ರಗಳಲ್ಲಿ ಕಂಡಿಲ್ಲ.

ಇನ್ನು ಚೀಟಿಗಳ ಮಾತು. ‘ಪುಷ್ಪಕ ವಿಮಾನ’ದಲ್ಲಿ ಊರು ಬಿಡುವಾಗ ಜಾದೂಗಾರನ ಮಗಳು ಗುಲಾಬಿಯ ಜೊತೆ ವಿಳಾಸದ ಚೀಟಿಯನ್ನು ಎಸೆಯುತ್ತಾಳೆ. ಹೂವು ಯುವಕನ ಕೈಸೇರುತ್ತದೆ, ಚೀಟಿ ಗಾಳಿಗೆ ಹಾರಿ ಚರಂಡಿ ಪಾಲಾಗುತ್ತದೆ. ಎಡಿನ್‌ಬರಾದಲ್ಲಿ ಇದಕ್ಕೆ ತಿರುವುಮುರುವು. ಆಲಿಸ್‌ಗೆ ಜೊತೆಗಾರ ಸಿಕ್ಕಿದ್ದನ್ನು ಕಂಡ ಮುದುಕ ತನ್ನ ಜಾದೂವಿನ ಮೊಲವನ್ನು ಗುಡ್ಡದ ಮೇಲೆ ಬಿಟ್ಟು, ಕೋಣೆಯಲ್ಲಿ ಹೂವಿನ ಜೊತೆ ಚೀಟಿಯಿಟ್ಟು ಹೊರಡುತ್ತಾನೆ. ಮಾಂತ್ರಿಕರೆಂಬವರು ಇಲ್ಲ ಎಂಬುದು ಅದರ ಸಾರ. ಇಡೀ ಚಿತ್ರದ ಮೌನ ಈ ವಾಕ್ಯಕ್ಕಾಗಿ ಕಾದಿತ್ತೆನ್ನಿಸುತ್ತದೆ. ಆದರೆ ಕಾರಣಿಕದ ವಾಕ್ಯ ಕೇಳುವವರಿಗೆ ಅರ್ಥ ಹಚ್ಚಲು ಎಡೆ ಬಿಡುತ್ತದೆ, ಈ ವಾಕ್ಯ ಬಾಗಿಲು ಹಾಕಿಬಿಡುತ್ತದೆ.

ಬಾಗಿಲು ಮತ್ತೆ ತೆರೆಯುವುದು ಮುದುಕ ಹೊರಟ ರೈಲಿನಲ್ಲಿ. ಎದುರಿಗೆ ಕೂತ ಪುಟ್ಟ ಹುಡುಗಿಯ ಮೋಟು ಪೆನ್ಸಿಲ್ ಕೆಳಗೆ ಬೀಳುತ್ತದೆ. ಅಂಥದೇ ಉದ್ದನೆಯದೊಂದು ಅವನ ಬಳಿಯಿದೆ. ಅದಲುಬದಲು ಮಾಡಿದ್ದರೆ ಇನ್ನೊಂದು ಮಗು ಮಾಯೆಯನ್ನು ನಂಬುತ್ತಿತ್ತು. ಅವನು ಮೋಟು ಪೆನ್ಸಿಲನ್ನೇ ಮರಳಿಸುತ್ತಾನೆ. ಇದು ಸೋಲೋ, ದಣಿವೋ, ಮಗುವಿನ ಮೇಲಿನ ಮರುಕವೋ? ನಿರ್ಧರಿಸುವವರು ನೋಡುಗರು. ನನ್ನ ಓದಿನಲ್ಲಿ ಶೋಮೆಯ ಚಿತ್ರದ ಕಾರಣಿಕ ಈ ಪೆನ್ಸಿಲೇ. ಚೀಟಿ ಇಲ್ಲದಿದ್ದರೂ ಚಿತ್ರ ನಿಲ್ಲುತ್ತಿತ್ತು. ತನ್ನ ಚೀಟಿಯನ್ನೇ ಚರಂಡಿಗೆ ಬಿಟ್ಟುಕೊಡುವ ಎದೆಗಾರಿಕೆ ತೋರಿದ್ದರಿಂದ, ಮೌನದ ಬಳಕೆಯಲ್ಲಿ ‘ಪುಷ್ಪಕ ವಿಮಾನ’ವೇ ಒಂದು ತೂಕ ಹೆಚ್ಚಿನದು.